ಮರಣಾಸನ್ನರನ್ನು ಪ್ರಶ್ನಿಸುವ ಅಧಿಕಾರ

ಗುಣವಾಗದ ವ್ಯಾಧಿಯಿಂದ ಹಾಸಿಗೆ ಹಿಡಿದಿರುವ, ಇನ್ನು ಕೆಲವು ವಾರಗಳೋ ತಿಂಗಳುಗಳೋ ಮಾತ್ರ ಉಳಿದಿವೆಯೆಂದು ವೈದ್ಯರು ನಿರ್ಧರಿಸಿರುವ ಮನುಷ್ಯನ ಬಳಿಗೆ ಅಪರಿಚಿತನೊಬ್ಬನು ಬರುತ್ತಾನೆ. ಅವನ ಕೈಯಲ್ಲಿ ಒಂದು ಪ್ರಶ್ನಾವಳಿ. ನೋವು ಎಷ್ಟಿದೆ, ನಿದ್ರೆ ಬರುತ್ತದೆಯೇ, ಮನೆಯವರು ಹೇಗೆ ನೋಡಿಕೊಳ್ಳುತ್ತಾರೆ, ಸಾವಿನ ಭಯವಿದೆಯೇ ಎಂದು ಕೇಳಿ ಬರೆದುಕೊಳ್ಳುತ್ತಾನೆ. ಅಥವಾ ಹೊಸದೊಂದು ಔಷಧದ ಪರೀಕ್ಷೆಗೆ ಒಪ್ಪಿಗೆ ಬೇಡುತ್ತಾನೆ. ಇದರ ಫಲ ಕೈಗೂಡುವ ಹೊತ್ತಿಗೆ ಉತ್ತರ ಕೊಟ್ಟವನು ಇರುವುದಿಲ್ಲ. ಫಲವೇನಿದ್ದರೂ ಅದೇ ವ್ಯಾಧಿಗೆ ಮುಂದೆ ಒಳಗಾಗುವ ಬೇರೆಯವರಿಗೆ. ಹೀಗೆ, ಕಾಲವೇ ಉಳಿದಿಲ್ಲದವನಿಂದ ಕಾಲವನ್ನು ಕೇಳುವುದು ಧರ್ಮಸಮ್ಮತವೇ? ಇದೇ ಪ್ರಸ್ತುತ ಲೇಖನದ ವಿಷಯ.

ಇದು ದೂರದ ನಗರಗಳ ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಓದುಗ ಬಂಧುಗಳು ಭಾವಿಸಬಾರದು. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. ನಮ್ಮ ದೇಶದಲ್ಲಿ ವೈದ್ಯಕೀಯ ಸ್ನಾತಕೋತ್ತರ ಪದವಿಗೆ ಓದುವವರೆಲ್ಲರೂ ಒಂದು ಸಂಶೋಧನ ಪ್ರಬಂಧವನ್ನು ಬರೆಯಲೇಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಿಂದ ಡಾ. ಎಚ್. ಸುದರ್ಶನ್ ಅವರ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆರೋಗ್ಯಸೇವೆ ನಡೆಸುತ್ತ ಬಂದಿದೆ. ಆ ಜನರ ಆರೋಗ್ಯದ ಬಗೆಗೆ ಅಧ್ಯಯನಗಳೂ ನಡೆದಿವೆ. ಗುಂಡ್ಲುಪೇಟೆಯ ರೋಗಿ ಮೈಸೂರಿಗೆ ಹೋಗುತ್ತಾನೆ, ಅಲ್ಲಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾನೆ, ಇಲ್ಲವೇ ಬಂಡೀಪುರದ ಕಾಡು ದಾಟಿ ವಯನಾಡಿನ ಕಡೆಗೆ ಹೋಗುತ್ತಾನೆ. ದೊಡ್ಡ ಆಸ್ಪತ್ರೆಗಳಲ್ಲಿ ಚಿಕಿತ್ಸೆಯೂ ಸಂಶೋಧನೆಯೂ ಅಕ್ಕಪಕ್ಕದಲ್ಲಿಯೇ ನಡೆಯುತ್ತವೆ. ಆದುದರಿಂದ ಆ ಪ್ರಶ್ನಾವಳಿ ಇಂದಲ್ಲ ನಾಳೆ ನಮ್ಮ ಮನೆಯ ಬಾಗಿಲಿಗೂ ಬರಬಹುದು. ಆಗ ಒಪ್ಪಬೇಕೇ ಬೇಡವೇ ಎಂಬುದನ್ನು ಮೊದಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳಿವೆ. ಸಾಯುವವರನ್ನು ಯಾರೂ ಕಾಡಬಾರದು, ಅವರ ಪಾಡಿಗೆ ಬಿಡಬೇಕು ಎಂಬುದು ಒಂದು. ಲೋಕದ ಹಿತಕ್ಕಾಗಿ ಒಬ್ಬನ ಅರ್ಧ ಗಂಟೆಯನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ ಎಂಬುದು ಇನ್ನೊಂದು. ಎರಡೂ ಕೇಳುವುದಕ್ಕೆ ಸಮಂಜಸವಾಗಿಯೇ ಇವೆ. ಎರಡೂ ಸಾಲವು ಎಂಬುದನ್ನು ತೋರಿಸುವುದು ನನ್ನ ಉದ್ದೇಶ.

ಕೇಳದೆ ತಿಳಿಯುವುದಿಲ್ಲ

ಮೊದಲನೆಯ ಉತ್ತರವನ್ನು ಪರಿಶೀಲಿಸೋಣ. ಕ್ಯಾನ್ಸರ್ ರೋಗದ ಕೊನೆಯ ಹಂತದ ನೋವು ಎಷ್ಟು ಭೀಕರವೆಂಬುದನ್ನು ಕಂಡವರೇ ಬಲ್ಲರು. ಈ ನೋವಿಗೆ ಮಾರ್ಫಿನ್ ಸಮರ್ಥವಾದ ಔಷಧ. ಆದರೆ ಅದನ್ನು ಕೊಟ್ಟರೆ ರೋಗಿ ಚಟಕ್ಕೆ ಬೀಳುತ್ತಾನೆಂಬ ಭಯದಿಂದ ವೈದ್ಯರು ಬಹುಕಾಲ ಅದನ್ನು ಕೊಡಲು ಹಿಂಜರಿಯುತ್ತಿದ್ದರು. ನೋವು ತಾಳಲಾರದೆ ರೋಗಿ ಕೂಗಿದ ಮೇಲೆ ಒಂದು ಸೂಜಿ ಚುಚ್ಚುವುದು ರೂಢಿಯಾಗಿತ್ತು. ಲಂಡನ್ನಿನಲ್ಲಿ ಸಿಸೆಲಿ ಸಾಂಡರ್ಸ್ ಎಂಬ ವೈದ್ಯೆ 1958ರಿಂದ ಮರಣಾಸನ್ನರ ಧರ್ಮಶಾಲೆಯೊಂದರಲ್ಲಿ ಕೆಲಸ ಮಾಡುತ್ತ, ಸಾವಿರದಷ್ಟು ರೋಗಿಗಳ ನೋವಿನ ವಿವರಗಳನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿದರು. ನೋವು ಬರುವ ಮೊದಲೇ, ಗಡಿಯಾರ ನೋಡಿ, ನಿಯತ ಕಾಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಮಾರ್ಫಿನ್ ನೋವನ್ನು ತಡೆಯುತ್ತದೆ. ರೋಗಿಯ ಬುದ್ಧಿ ಮಂಕಾಗುವುದಿಲ್ಲ, ಚಟದ ಭಯಕ್ಕೂ ಆಧಾರವಿಲ್ಲ ಎಂಬುದನ್ನು ಅವರು ತೋರಿಸಿಕೊಟ್ಟರು. 1967ರಲ್ಲಿ ಅವರು ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ಸ್ ಸಂಸ್ಥೆಯೇ ಜಗತ್ತಿನ ಉಪಶಾಮಕ ಆರೈಕೆಗೆಲ್ಲ ಮಾದರಿಯಾಯಿತು. ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮುಂತಾದವರು ಆರಂಭಿಸಿದ ಸೇವೆಯೂ, 1994ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಹಾಸ್ಪಿಸ್ ಟ್ರಸ್ಟಿನ ಕರುಣಾಶ್ರಯವೂ ಇದೇ ತಿಳಿವಳಿಕೆಯ ಫಲಗಳು.

ಭಾರತದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಮಾರ್ಫಿನ್ ಆಸ್ಪತ್ರೆಗಳಿಂದ ಬಹುಮಟ್ಟಿಗೆ ಕಣ್ಮರೆಯಾಗಿತ್ತು. ಅಫೀಮು ಬೆಳೆದು ಪರದೇಶಗಳಿಗೆ ಕಳುಹಿಸುವ ದೇಶದಲ್ಲಿಯೇ ರೋಗಿಗಳು ಅದಿಲ್ಲದೆ ನರಳಿದರು. 2014ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಯಿತು. ನೋವಿನಿಂದ ನರಳುವವರ ಸ್ಥಿತಿಯನ್ನು ಬಲ್ಲವರು ವರ್ಷಾನುಗಟ್ಟಲೆ ಸರ್ಕಾರದ ಮುಂದೆ ವಾದಿಸಿದ್ದರಿಂದ ಅದು ಸಾಧ್ಯವಾಯಿತು. ಸಾಯುವವರನ್ನು ಯಾರೂ ಕೇಳದೇ ಇದ್ದಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ.

ಇನ್ನೊಂದು ನಿದರ್ಶನ. 1965ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ ಸಾಯುತ್ತಿರುವವರೊಡನೆ ಮಾತನಾಡಲು ಬಯಸಿದಾಗ, ತಮ್ಮ ವಿಭಾಗದಲ್ಲಿ ಸಾಯುವ ರೋಗಿಗಳೇ ಇಲ್ಲವೆಂಬಂತೆ ಅಲ್ಲಿನ ವೈದ್ಯರು ನಡೆದುಕೊಂಡರು. ರೋಗಿಗಳಾದರೋ, ಕೇಳುವವರು ಸಿಕ್ಕಿದರೆಂದು ಮನಸ್ಸು ಬಿಚ್ಚಿ ಮಾತನಾಡಿದರು. ಮಾತು ಬೇಡವಾಗಿದ್ದುದು ಆರೋಗ್ಯವಂತರಿಗೆ. 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಇಂಥ ಸಂದರ್ಶನ ಕೊಟ್ಟ 988 ಮರಣಾಸನ್ನ ರೋಗಿಗಳನ್ನು, ಆ ಮಾತುಕತೆಯಿಂದ ನಿಮಗೆ ಸಂಕಟವಾಯಿತೇ ಎಂದು ಕೇಳಲಾಯಿತು. ನೂರಕ್ಕೆ ಸುಮಾರು ತೊಂಬತ್ತು ಮಂದಿ ಸಂಕಟವೇನೂ ಆಗಲಿಲ್ಲ ಅಥವಾ ಅತ್ಯಲ್ಪವಾಯಿತು ಎಂದರು. ನೂರಕ್ಕೆ ನಲವತ್ತಾರು ಮಂದಿ ತಮಗೆ ಅದರಿಂದ ಸಹಾಯವಾಯಿತೆಂದೂ ಹೇಳಿದರು. ಬಹಳ ಸಂಕಟವಾಯಿತು ಎಂದವರು ನೂರಕ್ಕೆ ಇಬ್ಬರಷ್ಟು. ಆ ಇಬ್ಬರನ್ನು ನಾವು ಮರೆಯಬಾರದು; ಆದರೆ ತೊಂಬತ್ತು ಮಂದಿಯ ಪರವಾಗಿ ನಾವೇ ಮೌನವನ್ನು ಆರಿಸುವುದೂ ನ್ಯಾಯವಲ್ಲ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಸಂತೋಷ್ ಚತುರ್ವೇದಿಯವರು 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಸ್ಮರಣೀಯ. ಕ್ಯಾನ್ಸರಿನ ಸಂದರ್ಭದಲ್ಲಿ ಜೀವನದ ಗುಣಮಟ್ಟವೆಂದರೆ ಏನೆಂದು ಅವರು ನಮ್ಮವರನ್ನೇ ವಿಚಾರಿಸಿದರು. ಪಾಶ್ಚಾತ್ಯ ಪ್ರಶ್ನಾವಳಿಗಳು ನಡೆದಾಡುವ ಶಕ್ತಿ, ಕೆಲಸ ಮಾಡುವ ಶಕ್ತಿ ಮುಂತಾದುವನ್ನು ಮುಖ್ಯವೆಂದು ಎಣಿಸುತ್ತಿದ್ದವು. ನಮ್ಮವರು ಮನಶ್ಶಾಂತಿಗೂ ಆಧ್ಯಾತ್ಮಿಕ ತೃಪ್ತಿಗೂ ಅದಕ್ಕಿಂತ ಮೇಲಿನ ಸ್ಥಾನ ಕೊಟ್ಟರು. ನಮ್ಮವರನ್ನು ಕೇಳದೆ ಪರದೇಶದ ಅಳತೆಗೋಲಿನಿಂದ ಅಳೆದಿದ್ದರೆ ಈ ಮಾತು ಬೆಳಕಿಗೆ ಬರುತ್ತಲೇ ಇರಲಿಲ್ಲ.

ಲೋಕಹಿತದ ಹೆಸರಿನಲ್ಲಿ

ಇನ್ನು ಎರಡನೆಯ ಉತ್ತರ. ಲೋಕಹಿತವೆಂಬ ಮಾತು ದೊಡ್ಡದು. ಆ ಮಾತಿನ ನೆರಳಿನಲ್ಲಿ ಅನೇಕ ಅನ್ಯಾಯಗಳು ನಡೆದಿವೆ. 1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯ ಯೆಹೂದ್ಯರ ಆಸ್ಪತ್ರೆಯೊಂದರಲ್ಲಿ ಜೀರ್ಣರೋಗಗಳಿಂದ ಬಳಲುತ್ತಿದ್ದ 22 ಮಂದಿಯ ಚರ್ಮದ ಕೆಳಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಲಾಯಿತು. ಅವು ಕ್ಯಾನ್ಸರ್ ಕೋಶಗಳೆಂದು ಅವರಿಗೆ ತಿಳಿಸಲಿಲ್ಲ. ತಿಳಿಸಿದರೆ ಅನಾವಶ್ಯಕವಾಗಿ ಹೆದರುತ್ತಾರೆಂಬುದು ಪ್ರಯೋಗಿಸಿದವರ ಸಮಜಾಯಿಷಿ. ಅದೇ ಆಸ್ಪತ್ರೆಯ ಮೂವರು ತರುಣ ವೈದ್ಯರು ಈ ಕೆಲಸಕ್ಕೆ ಕೈ ಹಾಕಲು ನಿರಾಕರಿಸಿದರೆಂಬುದೇ ಆ ಕಥೆಯಲ್ಲಿ ಉಳಿದಿರುವ ಸಮಾಧಾನ.

ಇದು ಪರದೇಶದ ಮಾತಾಯಿತು ಎನ್ನುವಂತಿಲ್ಲ. 1999 ಮತ್ತು 2000ರಲ್ಲಿ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿಯ ಕ್ಯಾನ್ಸರಿಗೆ ತುತ್ತಾಗಿದ್ದ ಇಪ್ಪತ್ತಕ್ಕೂ ಹೆಚ್ಚು ರೋಗಿಗಳ ಗಡ್ಡೆಗಳಿಗೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಯೊಬ್ಬರು ಸಿದ್ಧಪಡಿಸಿದ್ದ ರಾಸಾಯನಿಕವೊಂದನ್ನು ಚುಚ್ಚಿ ಪರೀಕ್ಷಿಸಲಾಯಿತು. 2001ರಲ್ಲಿ ಸಂಗತಿ ಬಯಲಾದಾಗ, ಆ ರಾಸಾಯನಿಕವು ಮನುಷ್ಯರಿಗೆ ಕೊಡುವ ಮೊದಲು ಆಗಬೇಕಾದ ಪರೀಕ್ಷೆಗಳಿಗೆ ಸಾಕಷ್ಟು ಒಳಗಾಗಿರಲಿಲ್ಲವೆಂದೂ, ವಿಶ್ವವಿದ್ಯಾನಿಲಯದ ನೈತಿಕ ಸಮಿತಿಯ ಅನುಮತಿ ಪಡೆದಿರಲಿಲ್ಲವೆಂದೂ ತಿಳಿದುಬಂದಿತು. ಮನುಷ್ಯರ ಮೇಲಿನ ಸಂಶೋಧನೆಗೆ ಆ ವಿಜ್ಞಾನಿಯು ಮತ್ತೆ ಮುಖ್ಯಸ್ಥರಾಗಕೂಡದೆಂದು ವಿಶ್ವವಿದ್ಯಾನಿಲಯವೇ ನಿರ್ಬಂಧಿಸಿತು. ರೋಗಿಗಳಿಂದ ಸಹಿ ಮಾಡಿಸಿಕೊಂಡಿದ್ದರೆ ತಾನೇ ಏನು? ಚಿಕಿತ್ಸೆಗೆ ಬಂದವನಿಗೆ, ತನಗೆ ಚುಚ್ಚುತ್ತಿರುವುದು ಔಷಧವೋ ಪ್ರಯೋಗವೋ ಎಂಬುದು ತಿಳಿಯದಿದ್ದರೆ ಆ ಸಹಿಗೆ ಬೆಲೆಯಿಲ್ಲ.

ಇಂಥ ಪ್ರಸಂಗಗಳ ಹಿಂದೆ ಒಂದು ಮನೋಭಾವವಿದೆ: 'ಹೇಗೂ ಹೋಗುವ ಜೀವ.' ಹೋಗುವ ಜೀವಕ್ಕೆ ಬೆಲೆ ಕಡಿಮೆಯೆಂದು ಯಾವ ಶಾಸ್ತ್ರವೂ ಹೇಳಿಲ್ಲ. ವ್ಯಾಪಾರದಲ್ಲಿ ಅಂಗಡಿ ಮುಚ್ಚುವ ದಿನ ಉಳಿದ ಸರಕನ್ನು ಬಂದ ಬೆಲೆಗೆ ಮಾರುವುದುಂಟು. ಮನುಷ್ಯನ ಆಯುಷ್ಯಕ್ಕೆ ಈ ನ್ಯಾಯ ಸಲ್ಲದು. ಉಳಿದ ದಿನಗಳು ಕಡಿಮೆಯಾದಂತೆ ಒಂದೊಂದು ದಿನದ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಒಪ್ಪಿಗೆ ಎಂದರೇನು?

ಅನುಚಿತಗಳನ್ನು ತಡೆಯಲು ನಿಯಮಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು 1980ರಲ್ಲಿ ಮೊದಲ ನೀತಿ ಹೇಳಿಕೆಯನ್ನು ಹೊರಡಿಸಿತು. 2000, 2006 ಮತ್ತು 2017ರಲ್ಲಿ ವಿಸ್ತಾರವಾದ ಮಾರ್ಗಸೂಚಿಗಳನ್ನು ಪ್ರಕಟಿಸಿತು. 2017ರ ಮಾರ್ಗಸೂಚಿಯು ಮರಣಾಸನ್ನ ರೋಗಿಗಳನ್ನು ವಿಶೇಷ ರಕ್ಷಣೆ ಬೇಕಾದವರ ಗುಂಪಿನಲ್ಲಿ ಸೇರಿಸಿದೆ. ಓದು ಬರದವನಿಂದ ಒಪ್ಪಿಗೆ ಪಡೆಯುವಾಗ ಸಂಶೋಧಕರಿಗೆ ಸಂಬಂಧಪಡದ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬನು ಇರಬೇಕು. 2019ರ ಹೊಸ ಔಷಧಗಳ ನಿಯಮಗಳ ಪ್ರಕಾರ, ಹೊಚ್ಚ ಹೊಸ ರಾಸಾಯನಿಕವನ್ನು ದುರ್ಬಲ ಸ್ಥಿತಿಯವರ ಮೇಲೆ ಪರೀಕ್ಷಿಸುವಾಗ ಒಪ್ಪಿಗೆ ಪಡೆಯುವ ಕ್ರಮವನ್ನು ಧ್ವನಿ-ದೃಶ್ಯ ರೂಪದಲ್ಲಿ ದಾಖಲಿಸಬೇಕು. ಇವೆಲ್ಲ ಆವಶ್ಯಕ. ಆದರೆ ನಿಯಮವು ಕಾಗದದವರೆಗೆ ಕಾಯಬಲ್ಲುದು; ಮನಸ್ಸಿನೊಳಗೆ ನಡೆಯುವುದನ್ನು ಕಾಯುವುದು ಧರ್ಮಪ್ರಜ್ಞೆಯೇ.

ಗುಂಡ್ಲುಪೇಟೆಯ ಕಡೆಯ ಒಬ್ಬ ಚೆಂಡುಹೂವಿನ ಬೇಸಾಯಗಾರನನ್ನು ಊಹಿಸಿಕೊಳ್ಳೋಣ. ನಾಲಿಗೆಯ ಹುಣ್ಣು ವಾಸಿಯಾಗದೆ, ಮೂರು ಊರು ತಿರುಗಿ, ಸಾಲ ಮಾಡಿ, ಕಡೆಗೆ ಉಚಿತ ಚಿಕಿತ್ಸೆ ದೊರೆಯುವ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಲಗಿದ್ದಾನೆ. ಬಿಳಿ ಕೋಟಿನವರು ಬಂದು, 'ಒಂದು ಅಧ್ಯಯನ ಮಾಡುತ್ತಿದ್ದೇವೆ, ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ' ಎನ್ನುತ್ತಾರೆ. ಅವರು ಸತ್ಯವನ್ನೇ ಹೇಳಿದರು. ಆದರೆ ಅವನಿಗೆ ಕೇಳಿಸಿದ್ದೇನು? 'ಇವರು ನನ್ನನ್ನು ನೋಡಿಕೊಳ್ಳುತ್ತಿರುವವರು, ಇಲ್ಲವೆಂದರೆ ಬೇಸರ ಮಾಡಿಕೊಂಡಾರು' ಎಂದು. 'ನೀವು ಹೇಗೆ ಹೇಳಿದರೆ ಹಾಗೆ ಸ್ವಾಮಿ' ಎಂದು ಹೆಬ್ಬೆಟ್ಟು ಒತ್ತುತ್ತಾನೆ. ಇದು ಒಪ್ಪಿಗೆಯಲ್ಲ, ಕೃತಜ್ಞತೆ. ಇದಕ್ಕೆ ಆಸೆಯೂ ಸೇರಿಕೊಳ್ಳುತ್ತದೆ. ಅಧ್ಯಯನವೆಂದು ಎಷ್ಟು ಸಾರಿ ಹೇಳಿದರೂ, ತನಗೆ ಗುಣವಾಗಲಿ ಎಂದೇ ಇದನ್ನು ಮಾಡುತ್ತಿದ್ದಾರೆಂದು ರೋಗಿಯು ನಂಬುತ್ತಾನೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆಯೇ ತಾನೆ?

ನಮ್ಮ ಜಿಲ್ಲೆಯಲ್ಲಿ ಭಾಷೆಯ ತೊಡಕು ಬೇರೆ. ಹನೂರಿನ ಕಡೆ ತಮಿಳು ಮನೆಮಾತಿನವರಿದ್ದಾರೆ, ಗುಂಡ್ಲುಪೇಟೆಯ ಗಡಿಯಲ್ಲಿ ಮಲಯಾಳ ಕೇಳಿಸುತ್ತದೆ, ಬೆಟ್ಟಗಳಲ್ಲಿ ಸೋಲಿಗರ ನುಡಿ. ಇಂಗ್ಲಿಷಿನಿಂದ ಪದಕ್ಕೆ ಪದವಿಟ್ಟು ಅನುವಾದಿಸಿದ ಒಪ್ಪಿಗೆ ಪತ್ರದ ಕನ್ನಡವು ಕನ್ನಡಿಗನಿಗೇ ಅರ್ಥವಾಗದಂತಿದ್ದರೆ ಉಳಿದವರ ಪಾಡೇನು? ಆದುದರಿಂದ ಒಪ್ಪಿಗೆಯನ್ನು ಒಂದು ದಿನದಲ್ಲಿ ಮುಗಿಯುವ ವ್ಯವಹಾರವೆಂದು ತಿಳಿಯಬಾರದು. ಚಿಕಿತ್ಸೆ ಮಾಡುವವರು ಬೇರೆ, ಒಪ್ಪಿಗೆ ಕೇಳುವವರು ಬೇರೆಯಾಗಿರಬೇಕು. ಕೇಳಿದ ಮೇಲೆ ಯೋಚಿಸಲು ಒಂದೆರಡು ದಿನ ಬಿಡಬೇಕು. ಪ್ರತಿ ಭೇಟಿಯಲ್ಲಿಯೂ ಮತ್ತೆ ಕೇಳಬೇಕು. ಏಕೆಂದರೆ ಮೊನ್ನೆ ಚೈತನ್ಯವಿದ್ದವನಿಗೆ ಇಂದು ಇಲ್ಲದಿರಬಹುದು. ಬಾಯಿಂದ ಆಡಿದ 'ಹೂಂ' ಎಂಬುದಕ್ಕಿಂತ, ಗೋಡೆಯ ಕಡೆಗೆ ತಿರುಗಿಕೊಂಡ ಮುಖವು ಹೆಚ್ಚಿನ ಸತ್ಯವನ್ನು ಹೇಳುತ್ತದೆ.

ತಿಳಿಯದವನ ಒಪ್ಪಿಗೆ

ಎಲ್ಲಕ್ಕಿಂತ ಕಠಿಣವಾದ ತೊಡಕೊಂದಿದೆ. ನಮ್ಮ ಮನೆಗಳಲ್ಲಿ ರೋಗಿಗೆ ಅವನ ರೋಗದ ಹೆಸರನ್ನು ಹೇಳುವ ವಾಡಿಕೆಯೇ ಕಡಿಮೆ. ಮಗನು ವೈದ್ಯರನ್ನು ಬದಿಗೆ ಕರೆದು, 'ಅಪ್ಪನಿಗೆ ಹೇಳಬೇಡಿ, ಧೈರ್ಯ ಕಳೆದುಕೊಳ್ಳುತ್ತಾರೆ' ಎನ್ನುತ್ತಾನೆ. ಹೊಟ್ಟೆಯ ಹುಣ್ಣೆಂದೋ ರಕ್ತಹೀನತೆಯೆಂದೋ ಒಂದು ಹೆಸರು ಹೇಳುತ್ತಾರೆ. ತಂದೆಗೂ ಎಷ್ಟೋ ವೇಳೆ ಸಂಗತಿ ತಿಳಿದೇ ಇರುತ್ತದೆ. ಮಕ್ಕಳಿಗೆ ನೋವಾದೀತೆಂದು ಅವನೂ ಸುಮ್ಮನಿರುತ್ತಾನೆ. ಹೀಗೆ ಒಂದೇ ಸೂರಿನ ಕೆಳಗೆ, ಪ್ರೀತಿಯಿಂದಲೇ, ಎಲ್ಲರೂ ಎಲ್ಲರಿಂದಲೂ ಮರೆಮಾಡುತ್ತಾರೆ. ಇಂಥ ಮನೆಗೆ 'ಮರಣಾಸನ್ನ ರೋಗಿಗಳ ಅಧ್ಯಯನ' ಎಂಬ ಶಿರೋನಾಮೆಯ ಕಾಗದ ಹಿಡಿದು ಹೋಗುವುದು ಹೇಗೆ? ಹೆಸರು ಬದಲಿಸಿ ಹೋದರೆ ವಂಚನೆ. ಹೆಸರು ಹೇಳಿ ಹೋದರೆ, ಜೀವನದ ಅತಿ ದೊಡ್ಡ ಸುದ್ದಿಯನ್ನು ಒಬ್ಬ ಅಪರಿಚಿತನ ಬಾಯಿಂದ ಕೇಳುವ ಕ್ರೌರ್ಯ.

ಸತ್ಯಾಣುವ್ರತವನ್ನು ವಿವರಿಸುವಾಗ ನಮ್ಮ ಹಿರಿಯರು, ಪರರಿಗೆ ವಿಪತ್ತನ್ನು ತರುವ ಮಾತು ನಿಜವಾಗಿದ್ದರೂ ಅದನ್ನು ಆಡಬಾರದೆಂದಿದ್ದಾರೆ. ಇದನ್ನು ಹಿಡಿದು, ರೋಗಿಗೆ ಸುಳ್ಳು ಹೇಳುವುದೇ ಧರ್ಮವೆಂದು ವಾದಿಸುವವರಿದ್ದಾರೆ. ಅದು ಸರಿಯಲ್ಲ. ಆಡದಿರುವುದು ಬೇರೆ, ಸುಳ್ಳಾಡುವುದು ಬೇರೆ. ಮೌನಕ್ಕೆ ಅವಕಾಶವುಂಟು, ಅಸತ್ಯಕ್ಕಿಲ್ಲ. ಆದುದರಿಂದ ನನಗೆ ತೋರುವ ದಾರಿ ಇಷ್ಟು: ಸಂಶೋಧಕನು ಮೊದಲು ಏನನ್ನೂ ಹೇಳಬಾರದು, 'ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಏನು ತಿಳಿದಿದೆ? ಇನ್ನೂ ತಿಳಿಯಬೇಕೆಂಬ ಇಚ್ಛೆಯಿದೆಯೇ?' ಎಂದು ಚಿಕಿತ್ಸೆ ಮಾಡುವ ವೈದ್ಯರು ಕೇಳಿರಬೇಕು. ತಿಳಿಯಬೇಕೆಂದವನಿಗೆ ಆ ವೈದ್ಯರೇ ತಿಳಿಸಬೇಕು. ತಿಳಿಯುವುದು ಬೇಡವೆಂದವನನ್ನು, ಸಾವನ್ನು ಕುರಿತ ಅಧ್ಯಯನದಿಂದ ಬಿಟ್ಟುಬಿಡಬೇಕು. ಅವನ ಅಜ್ಞಾನವನ್ನು ಮುರಿಯುವುದಕ್ಕೂ ಅಧಿಕಾರವಿಲ್ಲ, ಅದನ್ನು ಬಳಸಿಕೊಳ್ಳುವುದಕ್ಕೂ ಅಧಿಕಾರವಿಲ್ಲ.

ಇದಕ್ಕೆ ಒಂದು ಬಲವಾದ ಆಕ್ಷೇಪಣೆ ಬರುತ್ತದೆ. ಹಾಗೆ ಬಿಡುತ್ತ ಹೋದರೆ ಅಧ್ಯಯನಕ್ಕೆ ಸಿಕ್ಕುವವರು ಓದಿದವರು, ಪಟ್ಟಣದವರು, ಧೈರ್ಯಸ್ಥರು ಮಾತ್ರ. ಹಳ್ಳಿಯ ಬಡವರ ನೋವು ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಮೂಟೆಯ ಬಾಯಿಯ ಕಾಳನ್ನು ನೋಡಿ ಮೂಟೆಯನ್ನೆಲ್ಲ ಕೊಂಡಂತಾಗುತ್ತದೆ. ಈ ನಷ್ಟ ನಿಜವಾದುದು. ಆದರೂ ಅದನ್ನು ಒಪ್ಪಿಕೊಳ್ಳಬೇಕೆಂದೇ ನನ್ನ ಅಭಿಪ್ರಾಯ. ತೂಕ ಸರಿಹೋಗಲೆಂದು ಇನ್ನೊಬ್ಬರ ಚೀಲದಿಂದ ಕಾಳು ತೆಗೆಯುವಂತಿಲ್ಲ. ನಷ್ಟ ಕಡಿಮೆಯಾಗಬೇಕಾದರೆ ಮೊದಲು ಹಳ್ಳಿಗಳಿಗೆ ಆರೈಕೆ ತಲಪಲಿ, ದಾದಿಯರು ಮನೆಗೆ ಹೋಗಿ ಹುಣ್ಣು ತೊಳೆದು ನೋವಿಗೆ ಮದ್ದು ಕೊಡಲಿ. ನಂಬಿಕೆ ಬೆಳೆದಲ್ಲಿ ಮಾತು ತಾನಾಗಿ ಹೊರಡುತ್ತದೆ. ಸೇವೆ ಮುಂದೆ, ಸಂಶೋಧನೆ ಹಿಂದೆ. ಇದೇ ಸರಿಯಾದ ಕ್ರಮ.

ಬಾಗಿಲು ಕಾಯುವವರು

ರೋಗಿಯ ಬದಲು ಕುಟುಂಬದವರನ್ನೇ ಕೇಳಿದರಾಗದೇ ಎನ್ನಬಹುದು. ಸಾವಾದ ಮೇಲೆ ಮನೆಯವರನ್ನು ವಿಚಾರಿಸುವ ಅಧ್ಯಯನಗಳೂ ಉಂಟು. ಆದರೆ ನೋವು ಅನುಭವಿಸಿದವನ ಮಾತು ಬೇರೆ, ನೋಡಿದವನ ಮಾತು ಬೇರೆ. ಅಲ್ಲದೆ ದುಃಖಿತರಿಗೂ ಒಂದು ಮಿತಿಯಿದೆ. 2021ರ ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಮೃತರಾದುದನ್ನು ನಾವು ಮರೆತಿಲ್ಲ. ಆಗ ವಿಚಾರಣೆ ಆವಶ್ಯಕವಾಗಿತ್ತು, ವರದಿಯೂ ಆವಶ್ಯಕವಾಗಿತ್ತು. ಆದರೆ ಅಧಿಕಾರಿಗಳು, ಪತ್ರಿಕೆಯವರು, ರಾಜಕೀಯದವರು ಒಬ್ಬರಾದ ಮೇಲೊಬ್ಬರು ಅದೇ ರಾತ್ರಿಯನ್ನು ಮತ್ತೆ ಹೇಳಿಸಿದರೆ, ಹೇಳುವ ವಿಧವೆಗೆ ಪ್ರತಿಸಲವೂ ಆ ರಾತ್ರಿ ಮರಳಿ ಬರುತ್ತದೆ. ಕೇಳುವ ಕಾರಣ ಎಷ್ಟೇ ಯೋಗ್ಯವಾಗಿದ್ದರೂ ಕೇಳುವ ಸರದಿಗೆ ಒಂದು ಲೆಕ್ಕವಿರಬೇಕು.

ಬದುಕಿರುವ ರೋಗಿಯ ವಿಷಯದಲ್ಲಿ ಮನೆಯವರು ಬಾಗಿಲು ಕಾಯುವುದು ಸಹಜ. ಅವರ ಮಾತನ್ನು ತಳ್ಳಿಹಾಕಬಾರದು. ಆದರೆ ಕಾಯುವವನು ಒಡೆಯನಲ್ಲ. ರೋಗಿಗೆ ಬುದ್ಧಿ ಸ್ಥಿಮಿತವಾಗಿರುವವರೆಗೆ, ಮಾತನಾಡಬೇಕೇ ಬೇಡವೇ ಎಂಬ ತೀರ್ಮಾನ ಅವನದು. ತನ್ನ ಆಸ್ತಿಯನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸಲು ಅವನು ಸಮರ್ಥನೆಂದು ಒಪ್ಪಿ, ಬಾಂಡ್ ಕಾಗದ ತಂದು ಸಹಿ ಹಾಕಿಸಿಕೊಳ್ಳುವವರು, ತನ್ನ ಮಾತನ್ನು ಯಾರಿಗೆ ಕೊಡಬೇಕೆಂಬುದನ್ನು ನಿರ್ಧರಿಸಲು ಅವನು ಅಸಮರ್ಥನೆಂದರೆ ಹೇಗೆ?

ನಮ್ಮ ಪರಂಪರೆಯ ಬೆಳಕು

ಈ ವಿಷಯದಲ್ಲಿ ನಮ್ಮ ಪರಂಪರೆಗೆ ಹೇಳುವುದೇನಾದರೂ ಇದೆಯೇ? ಇದೆ. ಸಲ್ಲೇಖನ ವಿಧಿಯನ್ನು ವಿವರಿಸುವ ಶಿವಾರ್ಯರ ಭಗವತೀ ಆರಾಧನೆಯಲ್ಲಿ, ವ್ರತಿಯ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳಿದೆ. ಕಾಲ ಅನುಕೂಲವಿಲ್ಲದಿದ್ದರೆ ಇಬ್ಬರಾದರೂ ಬೇಕು. ಮೈ ಹಿಡಿದು ಎತ್ತಿ ಕೂರಿಸುವವರು, ಧರ್ಮವನ್ನು ಹೇಳುವವರು, ಬಾಗಿಲಲ್ಲಿ ನಿಂತು ಕಾಯುವವರು ಹೀಗೆ ಕೆಲಸ ಹಂಚಿಕೆಯಾಗಿರುತ್ತದೆ. ಆ ಎಲ್ಲರ ಲಕ್ಷ್ಯವೂ ಒಂದೇ: ಸಾಯುವವನ ಸಮಾಧಿಭಾವ ಕೆಡಬಾರದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿದುದೂ, ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟುದೂ ಎಲ್ಲರಿಗೂ ತಿಳಿದ ಸಂಗತಿ. ಆ ವಿವಾದವನ್ನು ಇಲ್ಲಿ ಎತ್ತುವುದಿಲ್ಲ. ಆಸ್ಪತ್ರೆಯ ರೋಗಿಯೂ ವ್ರತಿಯೂ ಒಂದೇ ಎಂದೂ ಹೇಳುತ್ತಿಲ್ಲ. ನಾನು ಎತ್ತಿ ತೋರಿಸಬಯಸುವುದು ಎರಡು ಅಂಶಗಳನ್ನು. ಮೊದಲನೆಯದಾಗಿ, ಸಲ್ಲೇಖನವನ್ನು ತಿಳಿಯದವನು ಕೈಗೊಳ್ಳಲಾರ. ಮರಣ ಸಮೀಪಿಸಿದೆಯೆಂಬ ಅರಿವೇ ಅದಕ್ಕೆ ಅಡಿಪಾಯ. ಸಾವನ್ನು ಸಾಯುವವನಿಂದ ಮರೆಮಾಡುವುದು ನಮ್ಮ ಮೂಲ ಸಂಪ್ರದಾಯವಲ್ಲ. ಎರಡನೆಯದಾಗಿ, ಸಾಯುವವನ ಸುತ್ತ ಇರುವವರು ಅವನಿಗಾಗಿ ಇರಬೇಕು; ತಮ್ಮ ಪ್ರಯೋಜನಕ್ಕಾಗಿ ಬರುವವರಿಗೆ ಬಾಗಿಲಲ್ಲಿ ವಿಚಾರಣೆಯಾಗಬೇಕು.

ಅಚೌರ್ಯವನ್ನು ನಮ್ಮವರು ಬಹಳ ಸೂಕ್ಷ್ಮವಾಗಿ ನಿರೂಪಿಸಿದ್ದಾರೆ. ಬಲಾತ್ಕಾರದಿಂದ ಕಸಿಯುವುದು ಮಾತ್ರವಲ್ಲ, ಕೊಡದಿದ್ದುದನ್ನು ತೆಗೆದುಕೊಳ್ಳುವುದೆಲ್ಲವೂ ಅದತ್ತಾದಾನವೇ. ಕೃತಜ್ಞತೆಯಿಂದಲೋ, ಭಯದಿಂದಲೋ, ಅಜ್ಞಾನದಿಂದಲೋ ಕೈಬಿಟ್ಟುದನ್ನು ಕೊಟ್ಟುದೆಂದು ಎಣಿಸಲಾಗದು. ಹಾಗೆಯೇ ಹಿಂಸೆಯ ಮೂಲ ಪ್ರಮಾದದಲ್ಲಿದೆ ಎಂದಿದ್ದಾರೆ. ಸಂಶೋಧಕನಲ್ಲಿ ಕೇಡಿನ ಬುದ್ಧಿ ಇಲ್ಲದಿರಬಹುದು. ಆತುರವಿದ್ದರೆ ಸಾಕು, ಹಿಂಸೆಯಾಗುತ್ತದೆ. ಪ್ರಬಂಧ ಒಪ್ಪಿಸುವ ದಿನ ಹತ್ತಿರವಾಯಿತೆಂದು ದಣಿದವನಿಂದ ಇನ್ನೂ ಹತ್ತು ಉತ್ತರ ಪಡೆಯುವುದು ಪ್ರಮಾದವೇ.

ಚಾಮರಾಜನಗರದ ಹತ್ತಿರದ ಮಲೆಯೂರಿನ ಕನಕಗಿರಿಯು ಪೂಜ್ಯಪಾದರ ಸ್ಮರಣೆಯೊಂದಿಗೆ ಬೆರೆತ ಕ್ಷೇತ್ರ. ವ್ಯಾಕರಣದಿಂದ ವಾಕ್ಕಿನ, ವೈದ್ಯದಿಂದ ಕಾಯದ, ಧ್ಯಾನಶಾಸ್ತ್ರದಿಂದ ಮನಸ್ಸಿನ ದೋಷಗಳನ್ನು ಕಳೆದವರೆಂದು ಪರಂಪರೆಯು ಅವರನ್ನು ಕೊಂಡಾಡುತ್ತದೆ. ಮರಣಾಸನ್ನನ ಬಳಿಗೆ ಹೋಗುವವನಿಗೂ ಈ ಮೂರೂ ಬೇಕು: ಅವನ ದೇಹದ ನೋವನ್ನು ಮೊದಲು ಶಮನಗೊಳಿಸಬೇಕು, ನೋಯಿಸದ ಮಾತನ್ನು ಆಡಬೇಕು, ಅವನ ಮನಸ್ಸನ್ನು ಕದಡದಿರಬೇಕು. ನಮ್ಮ ನಾಡಿನ ನಿಷಿಧಿ ಕಲ್ಲುಗಳ ಮೇಲೆ ಸಮಾಧಿ ಹೊಂದಿದವರ ಹೆಸರು, ಗುರುವಿನ ಹೆಸರುಗಳಿರುತ್ತವೆ. ಅವರು ಬಯಸಿ ನಡೆದ ಮರಣದ ಬಹಿರಂಗ ಸಾಕ್ಷ್ಯ ಅದು. ಸಂಶೋಧನೆಯ ದಾಖಲೆ ಇದಕ್ಕೆ ವಿರುದ್ಧವಾಗಿರಬೇಕು. ಅಲ್ಲಿ ಹೆಸರಿರಬಾರದು, ಹೆಸರನ್ನು ಊಹಿಸಲೂ ಬರಬಾರದು. ಇಂಥ ಹೋಬಳಿಯ, ಇಷ್ಟು ವಯಸ್ಸಿನ, ಇಂಥ ಕಸುಬಿನ, ಈ ರೋಗದ ಹೆಂಗಸು ಎಂದು ಬರೆದರೆ ಸಣ್ಣ ಊರಿನಲ್ಲಿ ಹೆಸರು ಬರೆದಂತೆಯೇ. ಸೊಸೆಯು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೆಂದು ಅವಳು ಹೇಳಿದ ಮಾತು ಅವಳ ತಿಥಿಯ ದಿನ ಮನೆಯಲ್ಲಿ ಜಗಳವಾಗಿ ಏಳಬಾರದು.

ಕೇಳುವವನಿಲ್ಲದ ಸಾಲ

ಲೆಕ್ಕದ ಪುಸ್ತಕಗಳ ನಡುವೆ ಜೀವನ ಸವೆಸಿದ ನನ್ನಂಥವನಿಗೆ ಈ ಪ್ರಶ್ನೆಯು ಕಡೆಗೆ ಸಾಲದ ರೂಪದಲ್ಲಿಯೇ ಕಾಣಿಸುತ್ತದೆ. ಮರಣಾಸನ್ನನು ಕೊಟ್ಟ ಕಾಲವೂ ಮಾತೂ ದಾನವೆಂದು ಪಡೆದವನು ಭಾವಿಸಿದರೆ, ಕೈ ತೊಳೆದುಕೊಂಡು ಹೋಗುತ್ತಾನೆ. ಸಾಲವೆಂದು ಭಾವಿಸಿದರೆ ತೀರಿಸುವ ಹೊಣೆ ಹೊರುತ್ತಾನೆ. ತೀರಿಸುವ ಬಗೆಗಳು ಸ್ಪಷ್ಟವಾಗಿಯೇ ಇವೆ. ಪ್ರಶ್ನೆ ಕೇಳಲು ಹೋದಾಗ ರೋಗಿ ನೋವಿನಲ್ಲಿದ್ದರೆ ಪ್ರಶ್ನಾವಳಿಯನ್ನು ಮಡಿಚಿಟ್ಟು ಮೊದಲು ಔಷಧಕ್ಕೆ ಏರ್ಪಾಡು ಮಾಡಬೇಕು. 'ಬದುಕು ಸಾಕಾಗಿದೆ' ಎಂದು ಅವನು ಹೇಳಿದರೆ ಅದನ್ನು ಬರೆದುಕೊಂಡು ಎದ್ದು ಬರಬಾರದು. ಅವನಿಗೆ ನೆರವಾಗಬಲ್ಲವರಿಗೆ, ಅವನ ಅನುಮತಿ ಪಡೆದು, ತಿಳಿಸಬೇಕು. ಬಸ್ಸಿನ ಖರ್ಚನ್ನೂ ಕಳೆದ ದಿನದ ಕೂಲಿಯನ್ನೂ ಕೊಡಬೇಕು. ಆದರೆ ಹಣದ ಆಸೆಗೆ ಒಪ್ಪುವಷ್ಟು ಕೊಡಬಾರದು. ಕಂಡುಕೊಂಡುದನ್ನು ಪರದೇಶದ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಸಾಲದು, ಅದೇ ತಾಲ್ಲೂಕಿನ ಆಸ್ಪತ್ರೆಯವರಿಗೂ ಜನರಿಗೂ ಅವರ ಭಾಷೆಯಲ್ಲಿ ತಿಳಿಸಬೇಕು. ದಿನವೂ ಇಂಥ ಮಾತುಗಳನ್ನು ಕೇಳಿ ಬರುವ ಎಳೆಯ ವಯಸ್ಸಿನ ಕ್ಷೇತ್ರಕಾರ್ಯಕರ್ತರ ಮನಸ್ಸನ್ನೂ ಯಾರಾದರೂ ವಿಚಾರಿಸಬೇಕು. ಅವರೂ ಪ್ರತಿ ತಿಂಗಳು ಕೆಲವು ಪರಿಚಿತರನ್ನು ಕಳೆದುಕೊಳ್ಳುತ್ತಾರೆ.

ಬೇರೆ ಸಾಲಗಳಲ್ಲಿ ಸಾಲ ಕೊಟ್ಟವನು ವಾಯಿದೆಗೆ ಸರಿಯಾಗಿ ಬಂದು ಬಾಗಿಲು ತಟ್ಟುತ್ತಾನೆ. ಆ ಭಯದಿಂದಲಾದರೂ ನಾವು ಪ್ರಾಮಾಣಿಕರಾಗಿರುತ್ತೇವೆ. ಇಲ್ಲಿ ಸಾಲ ಕೊಟ್ಟವನು ತೀರಿಕೊಂಡಿರುತ್ತಾನೆ. ತನ್ನ ಮಾತನ್ನು ಹಿಂದಕ್ಕೆ ಪಡೆಯಲು ಅವನಿಂದಾಗದು. ತನ್ನ ಮಾತನ್ನು ತಿರುಚಿದ್ದಾರೆಂದು ದೂರು ಕೊಡಲಾಗದು. ಗುಟ್ಟು ಬಯಲಾಯಿತೆಂದು ನೊಂದುಕೊಳ್ಳಲಾಗದು. ಅವನ ಮಕ್ಕಳಿಗೆ ಪತ್ರದ ವಿಷಯವೇ ತಿಳಿದಿರುವುದಿಲ್ಲ. ಕೇಳುವವರೇ ಇಲ್ಲದ ಸಾಲವನ್ನು, ಕೊಟ್ಟ ಮಾತಿಗೆ ತಕ್ಕಂತೆ, ಕಾಸಿಗೆ ಕಾಸು ತೀರಿಸುವವನೇ ನಿಜವಾದ ಪ್ರಾಮಾಣಿಕ.

ಆದುದರಿಂದ, ಮರಣಾಸನ್ನರನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಹುಟ್ಟಿನಿಂದಲೋ ಪದವಿಯಿಂದಲೋ ಬರುವುದಿಲ್ಲ. ಬೇಡಿ ಪಡೆಯುವ ಅವಕಾಶ ಮಾತ್ರವುಂಟು. ತಿಳಿದು ಕೊಡುವವನಿಂದ, ಬಿಡುವ ಸ್ವಾತಂತ್ರ್ಯವಿದ್ದು ಕೊಡುವವನಿಂದ, ಅವನ ಶಾಂತಿಗೆ ಭಂಗ ಬಾರದಂತೆ ಪಡೆಯಬಹುದು. ನಮ್ಮ ಮನೆಗಳಲ್ಲಿ ಅಂಥ ಸಂದರ್ಭ ಬಂದಾಗ, ಬಂದವನನ್ನು ಬಾಗಿಲಲ್ಲಿಯೇ ಗದರಿಸಿ ಕಳುಹಿಸುವುದೂ ಬೇಡ, ವೈದ್ಯರು ಹೇಳಿದರೆಂದು ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿಸುವುದೂ ಬೇಡ. ಯಾರ ಅನುಮತಿಯಿಂದ ಬಂದಿದ್ದೀರಿ, ಏತಕ್ಕಾಗಿ ಕೇಳುತ್ತೀರಿ, ದಣಿದರೆ ನಿಲ್ಲಿಸುತ್ತೀರಾ, ಕೇಳಿದ್ದನ್ನು ಎಲ್ಲಿ ಇಡುತ್ತೀರಿ ಎಂದು ನಾವೇ ನಾಲ್ಕು ಪ್ರಶ್ನೆಗಳನ್ನು ಕೇಳೋಣ. ಆಮೇಲೆ ಹಾಸಿಗೆಯಲ್ಲಿರುವವರ ಕಡೆಗೆ ತಿರುಗಿ, ನಿಮ್ಮ ಇಷ್ಟವೇನು ಎಂದು ಕೇಳೋಣ. ಅವರು ಏನು ಹೇಳಿದರೂ ಅದೇ ತೀರ್ಮಾನವಾಗಲಿ.